ಎರಡು ಬೆರಳಿನ ಬ್ರೇಕು

ಗಡಿಯಾರದವರ ಬೈಕು ಹಾಸಿಗೆ ಅಂಗಡಿಗೆ ನುಗ್ಗಿದಾಗ ಬೆಳಗ್ಗೆ ಒಂಬತ್ತಕ್ಕೆ ಇನ್ನೂ ಏಳು ನಿಮಿಷವಿತ್ತು. ಅಷ್ಟು ಕರಾರುವಾಕ್ಕಾಗಿ ಹೇಳಬಲ್ಲವರು ಅವರೊಬ್ಬರೇ. ಪೇಟೆಯಲ್ಲಿ ಒಂದೇ ಬಾಗಿಲಿನ ಅಂಗಡಿ ಇಟ್ಟುಕೊಂಡು, ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಮೂವತ್ತೈದು ವರ್ಷದಿಂದ ಜನರ ಕೈಗಡಿಯಾರ ರಿಪೇರಿ ಮಾಡಿಕೊಂಡು ಬಂದವರು. ತಾವು ಒಂದು ಹಾಸಿಗೆಯ ಮೇಲೆ ಅಂಗಾತ, ಹೆಂಡತಿ ಇನ್ನೊಂದರ ಮೇಲೆ ಬೋರಲು ಬಿದ್ದಿದ್ದು ನೋಡಿ, ಆಕೆ ಉಸಿರಾಡುತ್ತಿದ್ದಾಳೆ ಎಂದು ಖಾತ್ರಿಯಾದ ಮೇಲೆ ಅವರು ಮಾಡಿದ ಮೊದಲ ಕೆಲಸವೆಂದರೆ ಮಣಿಕಟ್ಟು ತಿರುಗಿಸಿ ಟೈಮು ನೋಡಿದ್ದು. ಚಾಳಿ, ಏನು ಮಾಡೋದು.

ನಡೆದದ್ದು ಇಷ್ಟು. ಅವರ ಮನೆ ಗುಡ್ಡದ ಮೇಲಿನ ಬಡಾವಣೆಯಲ್ಲಿ. ಅಲ್ಲಿಂದ ಪೇಟೆಗೆ ಇಳಿಯುವ ರಸ್ತೆ ಮೂರು ತಿರುವಿನ ಕಡಿದಾದ ಇಳಿಜಾರು. ಬೈಕು ನಲವತ್ತು ವರ್ಷ ಹಳೆಯದು. ಮದುವೆಗೆ ಎರಡು ತಿಂಗಳು ಮುಂಚೆ ಇನ್ನೊಬ್ಬರ ಕೈಯಿಂದ ಇವರ ಕೈಗೆ ಬಂದದ್ದು. ಅದರ ಇಂಜಿನ್ ಈಗಲೂ ಅಳತೆ ತಪ್ಪದೆ ಟಕಟಕ ಅನ್ನುತ್ತಿತ್ತು. ಮುಂದಿನ ಚಕ್ರದ ಡ್ರಮ್ ಬ್ರೇಕಿನ ಕಥೆ ಮಾತ್ರ ಬೇರೆ. ತಣ್ಣಗಿದ್ದಾಗ ಒಂದಿಷ್ಟು ಹಿಡಿಯುತ್ತಿತ್ತು, ಎರಡನೇ ತಿರುವಿನ ಹೊತ್ತಿಗೆ ಬಿಸಿಯೇರಿ ‘ನೋಡೋಣ’ ಅನ್ನುತ್ತಿತ್ತು, ಮೂರನೇ ತಿರುವಿನಲ್ಲಿ ದೇವರೇ ಗತಿ. ಆ ದಿನ ಇಳಿಜಾರಿನ ಬುಡದಲ್ಲಿ ಹಾಲಿನ ವ್ಯಾನೊಂದು ರಿವರ್ಸ್ ತೆಗೆದುಕೊಳ್ಳುತ್ತ ರಸ್ತೆಗೆ ಅಡ್ಡ ಬಂತು. ಗಡಿಯಾರದವರು ಬ್ರೇಕಿನ ಹಿಡಿಯನ್ನು ಹ್ಯಾಂಡಲ್ಲಿಗೆ ತಾಗುವ ತನಕ ಹಿಂಡಿದರು. ಗಾಡಿ ತನ್ನ ಪಾಡಿಗೆ ತಾನು ಹೋಗುತ್ತಲೇ ಇತ್ತು. ಎಡಕ್ಕೆ ಚರಂಡಿ, ಎದುರಿಗೆ ಹಾಲು, ಬಲಕ್ಕೆ ಅಂಗಡಿಯ ಮುಂದೆ ಒಟ್ಟಿದ್ದ ಹಾಸಿಗೆಗಳು. ಅವರು ಹಾಸಿಗೆ ಆರಿಸಿಕೊಂಡರು.

ಹಾಸಿಗೆ ಹೊಲಿಯುವವನು ಸೂಜಿ ಹಿಡಿದ ಕೈಯಲ್ಲೇ ಓಡಿ ಬಂದು ಇಬ್ಬರನ್ನೂ ಎಬ್ಬಿಸಿದ. “ನಿಮ್ಮ ಪುಣ್ಯ, ನಿನ್ನೆ ತಾನೇ ಹೊಸ ಹತ್ತಿ ತುಂಬಿದ್ದೆ,” ಅಂದ. ಯಾರಿಗೂ ಒಂದು ತರಚು ಗಾಯವೂ ಆಗಿರಲಿಲ್ಲ. ಹೆಂಡತಿ ಮೈ ಕೊಡವಿಕೊಂಡು, ಉರುಳಿ ಹೋಗಿದ್ದ ಊಟದ ಡಬ್ಬಿ ಹುಡುಕಿ ತಂದು, ಮುಚ್ಚಳ ಭದ್ರವಾಗಿದೆಯೇ ಎಂದು ನೋಡಿ ಚೀಲಕ್ಕೆ ಹಾಕಿಕೊಂಡರು. ಆಕೆ ಕೆಲಸ ಮಾಡುವುದು ಪುಸ್ತಕಗಳಿಗೆ ರಟ್ಟು ಕಟ್ಟುವ ಬೈಂಡಿಂಗ್ ಅಂಗಡಿಯಲ್ಲಿ. ಅಲ್ಲಿಂದ ಅದು ನಾಲ್ಕು ಹೆಜ್ಜೆ.

“ನಾಳೆಯಿಂದ ನಾನು ಬಸ್ಸಲ್ಲಿ ಹೋಗ್ತೀನಿ ರೀ,” ಅಂದರು.

ಬೈದಿದ್ದರೆ ಗಡಿಯಾರದವರು ಏನೋ ಒಂದು ಸಮಜಾಯಿಷಿ ಕೊಡುತ್ತಿದ್ದರು. ವ್ಯಾನಿನವನ ತಪ್ಪು ಎತ್ತಿ ಆಡುತ್ತಿದ್ದರು. ಆಕೆ ಬಯ್ಯಲಿಲ್ಲ. ಅಷ್ಟು ಹೇಳಿ, ಕೂದಲಿಗೆ ಅಂಟಿದ್ದ ಹತ್ತಿ ತೆಗೆಯುತ್ತ ನಡೆದುಬಿಟ್ಟರು.

ಒಂದು ವಾರದ ಮುನಿಸು ಎಂದುಕೊಂಡರು ಗಡಿಯಾರದವರು. ಆದರೆ ಅದು ಮುನಿಸೇ ಆಗಿರಲಿಲ್ಲ. ಆಕೆ ಬೆಳಗ್ಗೆ ಎಂದಿನಂತೆ ಅವರ ಡಬ್ಬಿ ತುಂಬಿಸಿ ಕೊಟ್ಟು, ನಗುನಗುತ್ತಲೇ ಬಸ್ ನಿಲ್ದಾಣದ ಕಡೆ ಹೊರಡುತ್ತಿದ್ದರು. ಬಸ್ಸು ಇಳಿಜಾರಿಗೆ ಬರುತ್ತಿರಲಿಲ್ಲ. ಗುಡ್ಡವನ್ನು ಪೂರಾ ಬಳಸಿಕೊಂಡು ಅರ್ಧ ಗಂಟೆಗೆ ಪೇಟೆ ಸೇರುತ್ತಿತ್ತು. ಅಷ್ಟು ಹೊತ್ತು ಬೇಜಾರಾಗುವುದಿಲ್ಲವೇ ಎಂದರೆ, ಇಲ್ಲವಂತೆ. ಸಂಜೆ ಬಂದರೆ ಬಸ್ಸಿನ ಸುದ್ದಿಯೇ ಸುದ್ದಿ. ಇವತ್ತು ಕಿಟಕಿ ಪಕ್ಕ ಸೀಟು ಸಿಕ್ಕಿತು, ಕಂಡಕ್ಟರ್ ತಾನು ಮೂರು ಸಲ ಡ್ರೈವಿಂಗ್ ಪರೀಕ್ಷೆಯಲ್ಲಿ ಫೇಲಾದ ಕಥೆ ಹೇಳಿದ, ಒಬ್ಬ ಅಜ್ಜಿ ಬುಟ್ಟಿಯೊಳಗೆ ಬೆಕ್ಕು ಬಚ್ಚಿಟ್ಟುಕೊಂಡು ಬಂದಿದ್ದರು. ಗಡಿಯಾರದವರು ಹೂಂಗುಟ್ಟುತ್ತ ಕೇಳುತ್ತಿದ್ದರು. ಅರವತ್ತನೇ ವಯಸ್ಸಿನಲ್ಲಿ ಒಂದು ಬಸ್ಸಿನ ಮೇಲೆ ತಮಗೆ ಹೊಟ್ಟೆಕಿಚ್ಚು ಬಂದಿದೆ ಎಂಬುದನ್ನು ಒಪ್ಪಿಕೊಳ್ಳಲು ಅವರಿಗೆ ಹತ್ತು ದಿನ ಬೇಕಾಯಿತು.

ಒಬ್ಬರೇ ಹೋದರೆ ಗಾಡಿ ಹಗುರ. ಗುಂಡಿಗೆ ಬಿದ್ದರೆ ಹಿಂದಿನ ಚಕ್ರ ಕುಪ್ಪಳಿಸುತ್ತಿತ್ತು. ಎಡ ಭುಜದ ಮೇಲೆ ಒಂದು ಕೈ ಇರುತ್ತಿತ್ತಲ್ಲ, ಅದು ಇಲ್ಲ. ದಾರಿಯಲ್ಲಿ ಕಂಡವರ ಬಗ್ಗೆ ಕಿವಿಯ ಹತ್ತಿರ ಒಂದು ಟೀಕೆ ಬೀಳುತ್ತಿತ್ತು, ಅದೂ ಇಲ್ಲ. ಒಂದು ದಿನ ಯಾರೋ ವಿಚಿತ್ರವಾದ ಟೋಪಿ ಹಾಕಿಕೊಂಡು ಹೋಗುತ್ತಿದ್ದಾಗ, “ನೋಡಿದೆಯಾ?” ಎಂದು ಅವರು ಜೋರಾಗಿಯೇ ಕೇಳಿ, ಆಮೇಲೆ ಸುಮ್ಮನೆ ಕೆಮ್ಮಿದರು.

ಹನ್ನೊಂದನೇ ದಿನ ಅವರು ಭಾವಮೈದುನನ, ಕಬ್ಬಿಣ ಕಡೆಯುವ ಲೇತ್ ಶೆಡ್ಡಿಗೆ ಹೋದರು.

ಹೆಂಡತಿಯ ಈ ತಮ್ಮನನ್ನು ಮನೆಮಂದಿಯೆಲ್ಲ ಕರೆಯುತ್ತಿದ್ದುದು ‘ಅವಸರ’ ಎಂದು. ಎಂಟನೇ ತಿಂಗಳಿಗೇ ಹುಟ್ಟಿದವನು. ನಿಂತುಕೊಂಡೇ ಊಟ ಮಾಡುವವನು, ಬಾಗಿಲು ತಟ್ಟಿ ತೆಗೆಯುವಷ್ಟರಲ್ಲಿ ಕಿಟಕಿಗೆ ಬಂದು ಇಣುಕುವವನು. ಕೆಲಸದಲ್ಲಿ ನಿಪುಣ, ತಾಳ್ಮೆಯಲ್ಲಿ ಸೊನ್ನೆ. ಕಬ್ಬಿಣದ ತುಂಡಿನ ಒಂದು ಕೊನೆ ತಣ್ಣಗಾಗುವ ಮುಂಚೆ ಇನ್ನೊಂದು ಕೊನೆಗೆ ಉಳಿ ಹಚ್ಚುವ ಪೈಕಿ. ಅಂಥವನಿಗೂ ಒಂದು ಸೆಕೆಂಡನ್ನು ಐದು ಭಾಗ ಮಾಡಿ ನೋಡುವ ಗಡಿಯಾರದವರಿಗೂ ಮೂವತ್ತು ವರ್ಷದಲ್ಲಿ ಯಾವ ವಿಷಯಕ್ಕೂ ಸರಿ ಬಂದಿರಲಿಲ್ಲ. ಅವಸರ ನಾಲ್ಕು ವರ್ಷದ ಹಿಂದೆ ರೇಸಿನ ತಳಿಯ ಬೈಕೊಂದನ್ನು ತಂದಾಗ ಇವರು ಅದನ್ನು ಎರಡು ಸುತ್ತು ಬಂದು ನೋಡಿ, “ಇದೇನೋ, ಮಿಡತೆ ಮೂತಿ ಕೆಳಗೆ ಮಾಡಿಕೊಂಡು ನಿಂತ ಹಾಗಿದೆ,” ಅಂದಿದ್ದರು. ಅವನು ಆರು ತಿಂಗಳು ಮಾತು ಬಿಟ್ಟಿದ್ದ. ಈಗ ಆ ಮಿಡತೆಯ ಇಂಜಿನ್ ಒಳಗೆ ಕನೆಕ್ಟಿಂಗ್ ರಾಡ್ ಮುರಿದು ಹೊಟ್ಟೆ ಸೀಳಿಕೊಂಡು, ಶೆಡ್ಡಿನ ಮೂಲೆಯಲ್ಲಿ ತಾಡಪಾಲಿನ ಕೆಳಗೆ ಮಲಗಿತ್ತು.

“ಬ್ರೇಕು ಸರಿ ಮಾಡಿಸಬೇಕು,” ಅಂದರು ಗಡಿಯಾರದವರು.

“ಆ ಡ್ರಮ್ಮನ್ನಾ? ಅದನ್ನ ಸರಿ ಮಾಡೋಕೆ ಏನಿದೆ ಭಾವ. ಅದು ಸರಿ ಇದ್ದಾಗಲೂ ಹೀಗೇ ಇತ್ತು.”

“ಮತ್ತೆ?”

ಅವಸರ ಹೋಗಿ ತಾಡಪಾಲು ಎಳೆದ. ಬೈಕಿನ ಮುಂಭಾಗಕ್ಕೆ ಏನೂ ಆಗಿರಲಿಲ್ಲ. ತೊಡೆಯಂತೆ ಮೇಲೆ ದಪ್ಪ, ಕೆಳಗೆ ಸಣ್ಣಗಿದ್ದ, ಬಂಗಾರದ ಬಣ್ಣದ, ಚಕ್ರವನ್ನು ಹಿಡಿದ ಎರಡು ಫೋರ್ಕು. ಅಗಲವಾದ ಟೈರು. ಚಕ್ರದ ಎರಡು ಕಡೆಯೂ ತಟ್ಟೆಯಗಲದ ಡಿಸ್ಕು, ಒಂದೊಂದನ್ನೂ ಕಚ್ಚಿ ಹಿಡಿಯಲು ಒಂದೊಂದು ಬ್ರೇಕು.

“ಇದು ಎರಡು ಬೆರಳಲ್ಲಿ ನಿಲ್ಲುತ್ತೆ,” ಅಂದ ಅವಸರ. “ಕಿರುಬೆರಳಲ್ಲೂ ನಿಲ್ಲಿಸಿ ತೋರಿಸಿದ್ದೀನಿ. ನಿಮ್ಮ ಗಾಡಿಗೆ ಇದರ ಮುಂಭಾಗ ಪೂರ್ತಿ ಹಾಕಿಬಿಡೋಣ.”

“ಅದು ಹೇಗೋ ಆಗುತ್ತೆ? ಅಜ್ಜನ ಮೈಗೆ ಮೊಮ್ಮಗನ ತೋಳು.”

“ತೋಳು ಬಲವಾಗಿದ್ರೆ ಅಜ್ಜನಿಗೇನು ನಷ್ಟ?”

ಗಡಿಯಾರದವರು ಎರಡು ಗಾಡಿಗಳ ನಡುವೆ ಬಹಳ ಹೊತ್ತು ನಿಂತರು. ಒಂದರ ದುಂಡು ದೀಪ, ನಿಕ್ಕಲ್ ಹೊಳಪಿನ ಸಣ್ಣ ಫೋರ್ಕು, ಕಡ್ಡಿಗಳ ದೊಡ್ಡ ಚಕ್ರ. ಅವರು ಪ್ರತಿ ಭಾನುವಾರ ಹಲ್ಲುಜ್ಜುವ ಬ್ರಶ್ಶಿನಿಂದ ಒಂದೊಂದೇ ಕಡ್ಡಿ ತಿಕ್ಕಿ ಸಾಕಿದ ಚಕ್ರ. ಕೊನೆಗೆ, “ಹಳೇದನ್ನ ಗೀರು ಬೀಳದ ಹಾಗೆ ಬಿಚ್ಚು,” ಅಂದರು. ಬಿಚ್ಚಿದ ಮೇಲೆ ಎಣ್ಣೆ ಸವರಿ, ಹಳೆ ಹೊದಿಕೆಯಲ್ಲಿ ಸುತ್ತಿ, ಹೆಂಡತಿ ಕೆಲಸಕ್ಕೆ ಹೋದಾಗ ಮನೆಗೆ ತಂದು ಮಂಚದ ಕೆಳಗೆ ತಳ್ಳಿದರು. ಗಾಡಿ ಎಲ್ಲಿ ಎಂದು ಆಕೆ ಕೇಳಿದ್ದಕ್ಕೆ, “ರಿಪೇರಿಗೆ ಬಿಟ್ಟಿದೆ,” ಅಂದರು. “ಹಾಗಾದ್ರೆ ನನ್ನ ಜೊತೆ ಬಸ್ಸಲ್ಲೇ ಬನ್ನಿ,” ಅಂದರು ಆಕೆ. ಗಡಿಯಾರದವರು ನಡೆದು ಹೋಗುತ್ತೇನೆ, ಮೈಗೆ ಒಳ್ಳೆಯದು ಎಂದು ಇಳಿಜಾರು ಹಿಡಿದರು. ಆ ಬಸ್ಸನ್ನು ಹತ್ತುವುದಕ್ಕೆ ಅವರಿಗೆ ಅಭಿಮಾನ ಅಡ್ಡ ಬಂದಿತ್ತು.

ಭಾನುವಾರಗಳಂದು ಕೆಲಸ. ಹೇಳುವಷ್ಟು ಸುಲಭವಿರಲಿಲ್ಲ. ಎರಡು ಫೋರ್ಕುಗಳನ್ನು ಹಿಡಿದುಕೊಳ್ಳುವ ದಪ್ಪ ಅಡ್ಡಪಟ್ಟಿಗೆ ಮೆಕ್ಯಾನಿಕ್ಕುಗಳ ಬಾಯಲ್ಲಿ ‘ಟೀ’ ಎಂದು ಹೆಸರು. ಅದರ ನಡುವಿನಿಂದ ಒಂದು ಉಕ್ಕಿನ ದಂಡ ಮೇಲೆದ್ದು ಬೈಕಿನ ಕತ್ತಿನ ಕೊಳವೆಯೊಳಗೆ ಹೋಗುತ್ತದೆ. ಇಡೀ ಮುಂಭಾಗ ತಿರುಗುವುದು ಆ ದಂಡದ ಮೇಲೆ. ಹೊಸ ಬೈಕಿನ ದಂಡ ಹಳೆಯದರ ಕತ್ತಿಗೆ ಹೆಬ್ಬೆರಳಗಲ ಗಿಡ್ಡ, ಮೇಲೆ ದಪ್ಪ ಬೇರೆ. ಆದ್ದರಿಂದ ಹೊಸದೇ ಒಂದು ದಂಡ ಕಡೆಯಬೇಕಿತ್ತು: ಬುಡ ಹೊಸ ಟೀಗೆ ಬಿಗಿಯಾಗಬೇಕು, ತುದಿ ಹಳೆ ಬೇರಿಂಗಿಗೆ ಹೊಂದಬೇಕು.

“ಟೀ ಆಯ್ತಾ?” ಎಂದು ಇವರು ಕೇಳಿದರೆ ಅವಸರ, “ಇನ್ನೂ ಕುದೀಲಿಲ್ಲ ಭಾವ,” ಎನ್ನುತ್ತಿದ್ದ. ಅಷ್ಟು ಸಲೀಸಾಗಿ ಇಬ್ಬರೂ ಎಂದೂ ಮಾತಾಡಿರಲಿಲ್ಲ.

ಮೂರನೇ ಭಾನುವಾರ ಜಗಳವಾಯಿತು. ಗಡಿಯಾರದವರು ಬರುವಷ್ಟರಲ್ಲಿ ಅವಸರ ದಂಡ ಕಡೆದು, ಟೀಯೊಳಗೆ ಕೂರಿಸಿಯೂ ಆಗಿತ್ತು. ಇವರು ಅದನ್ನು ಹೊರಗೆ ತೆಗೆಸಿದರು. ಕಿಸೆಯಿಂದ ತಮ್ಮ ಮೈಕ್ರೋಮೀಟರ್ ತೆಗೆದು ಮೂರು ಕಡೆ ಅಳೆದರು.

“ಇದು ಸಡಿಲ.”

“ಎಲ್ಲಿ ಸಡಿಲ? ಕೂತಿತ್ತಲ್ಲ.”

“ಕೈಯಲ್ಲಿ ಒತ್ತಿದ್ರೆ ಕೂತಿದೆ. ಪ್ರೆಸ್ಸಿಗೆ ಹಾಕಿ ಒತ್ತಿದ್ರೆ ಮಾತ್ರ ಹೋಗಬೇಕಿತ್ತು. ಕೂದಲಿನ ಕಾಲು ಭಾಗದಷ್ಟು ಸಣ್ಣ ಆಗಿದೆ.”

“ಕೂದಲಿನ ಕಾಲು ಭಾಗ,” ಅವಸರ ಕೈಯಲ್ಲಿದ್ದ ಬಟ್ಟೆಯನ್ನು ಬೆಂಚಿನ ಮೇಲೆ ಒಗೆದ. “ಒಂದು ಟಾಕಿ ವೆಲ್ಡಿಂಗ್ ಹೊಡೆದ್ರೆ ಜನ್ಮದಲ್ಲಿ ಅಲ್ಲಾಡಲ್ಲ.”

“ವೆಲ್ಡಿಂಗ್ ಬೇಡ. ಇನ್ನೊಂದು ಮಾಡು.”

“ಬೆಳಗ್ಗೆ ಐದಕ್ಕೆ ಎದ್ದು ಮಾಡಿದ್ದೀನಿ ಭಾವ.”

“ನಿನಗೆ ಯಾರು ಐದಕ್ಕೆ ಏಳು ಅಂದ್ರು? ಎಂಟಕ್ಕೆ ಎದ್ದು ಸರಿಯಾಗಿ ಮಾಡಬೇಕಿತ್ತು. ಮೊದಲಿಂದ ನೋಡ್ತಾ ಇದ್ದೀನಿ, ನಿನ್ನ ಕೆಲಸ ಎಲ್ಲ ಹೀಗೇ.”

ಅವಸರನ ಮುಖ ಕೆಂಪಾಯಿತು. “ಹೌದು. ಕೂದಲಿನ ಕಾಲು ಭಾಗ ನಿಮ್ಮ ಕಣ್ಣಿಗೆ ಕಾಣುತ್ತೆ. ಬೆನ್ನ ಹಿಂದೆ ನಮ್ಮಕ್ಕ ಹದಿನಾಲ್ಕು ವರ್ಷ ಕಣ್ಣು ಮುಚ್ಚಿಕೊಂಡು ಕೂತಿದ್ದು ಮಾತ್ರ ಕಾಣಲಿಲ್ಲ.”

“ಏನು?”

ಅಂದ ಮೇಲೆ ಅವನಿಗೇ ಪಿಚ್ಚೆನಿಸಿತು. ಆದರೆ ಮಾತು ಬಾಯಿಂದ ಜಾರಿತ್ತು. “ಒಂದು ಸಲ ನನ್ನ ಗಾಡೀಲಿ ಆ ಇಳಿಜಾರಲ್ಲಿ ಕರ್ಕೊಂಡು ಬಂದೆ. ಕೆಳಗೆ ಬಂದು ನಿಲ್ಲಿಸಿದ ಮೇಲೆ ‘ಬಂತಾ?’ ಅಂತ ಕೇಳಿದಳು. ತಿರುಗಿ ನೋಡಿದ್ರೆ ಕಣ್ಣು ಮುಚ್ಚಿದ್ದಾಳೆ. ಯಾಕಕ್ಕ ಅಂದ್ರೆ, ನಿಮ್ಮ ಹಿಂದೆ ಕೂತು ಕೂತು ಅಭ್ಯಾಸ ಆಗಿಬಿಟ್ಟಿದೆಯಂತೆ. ಆ ಗುಡ್ಡದ ಮನೆಗೆ ಹೋದಾಗಿಂದ. ಭಾವನಿಗೆ ಹೇಳಬೇಡ ಅಂದಿದ್ದಳು.”

ಗಡಿಯಾರದವರು ಮೈಕ್ರೋಮೀಟರನ್ನು ಅದರ ಡಬ್ಬಿಯೊಳಗಿಟ್ಟು ಮುಚ್ಚಳ ಹಾಕಿದರು. ಕಿವಿಗೆ ಹಿಡಿದರೆ ಸಾಕು, ಗಡಿಯಾರದೊಳಗೆ ಯಾವ ಹಲ್ಲು ಸವೆದಿದೆ ಎಂದು ಹೇಳುತ್ತಾರೆ ಎಂದು ಪೇಟೆಯಲ್ಲಿ ಅವರಿಗೆ ಹೆಸರು. ಇಳಿಜಾರಿಗೆ ಬಂದೊಡನೆ ಹಿಂದಿನ ಮಾತು ನಿಲ್ಲುತ್ತಿದ್ದುದು ಅವರಿಗೂ ಗೊತ್ತಿತ್ತು. ಗಾಳಿಗೆ ಹಾಯಾಗಿ ಕೂತಿದ್ದಾಳೆ ಎಂದುಕೊಂಡಿದ್ದರು. ‘ನಮ್ಮವಳಿಗೆ ಆ ಇಳಿಜಾರು ಅಂದ್ರೆ ಬಹಳ ಇಷ್ಟ’ ಎಂದು ನಾಲ್ಕು ಜನರ ಎದುರು ಹೇಳಿಯೂ ಇದ್ದರು. ಆಗ ಆಕೆ ಪಕ್ಕದಲ್ಲೇ ನಿಂತು ನಕ್ಕಿದ್ದರು.

ಶೆಡ್ಡಿನ ಹೊರಗೆ ಕಲ್ಲುಬೆಂಚೊಂದಿತ್ತು. ಹೋಗಿ ಅದರ ಮೇಲೆ ಕೂತರು. ಸ್ವಲ್ಪ ಹೊತ್ತಿಗೆ ಅವಸರ ಎರಡು ಲೋಟ ಚಹಾ ಹಿಡಿದು ಬಂದು, ಒಂದನ್ನು ಅವರ ಪಕ್ಕದಲ್ಲಿಟ್ಟು, ಅಚ್ಚರಿಯೆಂಬಂತೆ ತಾನೂ ಕೂತ. ಇಬ್ಬರೂ ಚಹಾ ಮುಗಿಸಿದರು.

“ನಡಿ,” ಅಂದರು ಗಡಿಯಾರದವರು ಕೊನೆಗೆ. “ನೀನು ಕಡಿ, ನಾನು ಅಳೀತೀನಿ.”

ಎರಡನೇ ದಂಡ ಕಡೆಯಲು ಆ ಭಾನುವಾರ ಇಡೀ ಹಿಡಿಯಿತು. ಅವಸರ ಒಂದೊಂದು ಸಲ ಉಳಿ ಹಾಯಿಸಿದಾಗಲೂ ಲೇತ್ ನಿಲ್ಲಿಸಿ, ಉಕ್ಕು ತಣಿಯುವ ತನಕ ಕಾದು, ಇವರು ಅಳೆದು, “ಇನ್ನೊಂದು ಚೂರು,” ಎಂದ ಮೇಲೆ ಮತ್ತೆ ಹಾಯಿಸುತ್ತಿದ್ದ. ಕಾಯುವಾಗ ಕಾಲು ಕುಣಿಸುತ್ತಿದ್ದ, ಆದರೆ ಕಾದ. ಸಂಜೆ ಪ್ರೆಸ್ಸಿನ ಕೆಳಗೆ ದಂಡ ಟೀಯೊಳಗೆ ಕಿರುಗುಟ್ಟುತ್ತ ಇಳಿಯಿತು. ಇಳಿದು ಕೂತಾಗ ಇಬ್ಬರೂ ಒಟ್ಟಿಗೆ ಉಸಿರು ಬಿಟ್ಟರು.

ಆಮೇಲೂ ತಾಪತ್ರಯ ತಪ್ಪಲಿಲ್ಲ. ಹೊಸ ಫೋರ್ಕು ಗಿಡ್ಡ, ಚಕ್ರವೂ ಚಿಕ್ಕದು. ಜೋಡಿಸಿ ನಿಲ್ಲಿಸಿದರೆ ಗಾಡಿ ನೆಲದಲ್ಲಿ ಏನೋ ಹುಡುಕುವಂತೆ ಮುಗ್ಗರಿಸಿತ್ತು. ಫೋರ್ಕುಗಳನ್ನು ಟೀಯೊಳಗಿಂದ ಎಷ್ಟು ಕೆಳಗೆ ಇಳಿಸಲು ಸಾಧ್ಯವೋ ಅಷ್ಟು ಇಳಿಸಿ ಬಿಗಿದ ಮೇಲೆ ತಲೆ ಎತ್ತಿತು. ಹ್ಯಾಂಡಲ್ ಪೂರ್ತಿ ತಿರುಗಿಸಿದರೆ ದಪ್ಪ ಫೋರ್ಕು ಪೆಟ್ರೋಲ್ ಟ್ಯಾಂಕಿಗೆ ಹೊಡೆಯುತ್ತಿತ್ತು; ಹೊಡೆಯುವ ಮುಂಚೆಯೇ ತಡೆಯಲು ಕತ್ತಿನ ಹತ್ತಿರ ಎರಡು ಉಕ್ಕಿನ ತುಣುಕು ಕೂರಿಸಿದರು. ರೇಸ್ ಬೈಕಿನ ಹ್ಯಾಂಡಲ್ಲಿಗೆ ಬಗ್ಗಿದರೆ ಗಡಿಯಾರದವರ ಸೊಂಟ ಮತ್ತೆ ಏಳುವ ಭರವಸೆ ಇರಲಿಲ್ಲ. ಅವರ ಹಳೆಯ ಅಗಲ ಹ್ಯಾಂಡಲ್ಲನ್ನೇ ಮೇಲೆ ಹೊಸ ಹಿಡಿಕೆ ಮಾಡಿ ಕೂರಿಸಿದರು. ವೇಗ ತೋರಿಸುವ ಮೀಟರಿನ ಕೇಬಲ್ಲಿಗೆ ಹೊಸ ಚಕ್ರದಲ್ಲಿ ಜಾಗವೇ ಇರಲಿಲ್ಲ. “ಅದಕ್ಕೆ ಆಮೇಲೆ ಏನಾದ್ರೂ ಮಾಡೋಣ,” ಅಂದ ಅವಸರ. ಮುಳ್ಳು ಸೊನ್ನೆಯ ಮೇಲೇ ಮಲಗಿತು.

ಇದೆಲ್ಲ ಮುಗಿಯಲು ಇನ್ನೊಂದು ವಾರವಿದೆ ಎನ್ನುವಾಗ ಮನೆಯಲ್ಲಿ ಗುಟ್ಟು ಹೊರಬಿತ್ತು. ರಜೆಯ ದಿನ ಮಧ್ಯಾಹ್ನ ಗಡಿಯಾರದವರು ಊಟಕ್ಕೆ ಬಂದಾಗ ಹೆಂಡತಿ ಪೊರಕೆ ಹಿಡಿದು ಹಜಾರದ ನಡುವೆ ನಿಂತಿದ್ದರು.

“ಮಂಚದ ಕೆಳಗೆ ಚಕ್ರ ಇದೆ.”

“ಹೂಂ.”

“ಮಿಕ್ಕಿದ್ದು ಎಲ್ಲಿ?”

“ಮಿಕ್ಕಿದ್ದು...” ಗಡಿಯಾರದವರು ಚಪ್ಪಲಿ ಬಿಡುವುದರಲ್ಲಿ ಕಾಲ ಕಳೆದರು.

“ಮಾರಿಬಿಟ್ರಾ? ಒಂದು ಚಕ್ರ ಮಾತ್ರ ನೆನಪಿಗೆ ಅಂತ ಬಟ್ಟೆ ಸುತ್ತಿ ಇಟ್ಕೊಂಡ್ರಾ? ನಾನು ಬಸ್ಸಲ್ಲಿ ಹೋಗ್ತೀನಿ ಅಂದೆ ಅಷ್ಟೆ. ಮಾರಿ ಅಂದೆನಾ?”

ಆಕೆಯ ಕಣ್ಣಲ್ಲಿ ನೀರು ನೋಡಿ ಗಡಿಯಾರದವರು ದಂಗಾದರು. ಗಾಡಿ ಕಂಡರೆ ಹೆದರುವವಳು ಗಾಡಿಗಾಗಿ ಅಳುತ್ತಿದ್ದಾಳೆ. ಅವರು ಆಕೆಯ ಕೈಯಿಂದ ಪೊರಕೆ ತೆಗೆದು ಗೋಡೆಗೆ ಒರಗಿಸಿ, ಕುರ್ಚಿಯ ಮೇಲೆ ಕೂರಿಸಿ, ಮೊದಲಿನಿಂದ ಕೊನೆಯವರೆಗೆ ಎಲ್ಲ ಹೇಳಿದರು. ಫೋರ್ಕು, ಡಿಸ್ಕು, ಸಡಿಲವಾದ ದಂಡ, ಬಿಗಿಯಾದ ದಂಡ. ಆಕೆ ನಡುವೆ ಒಂದೇ ಪ್ರಶ್ನೆ ಕೇಳಿದರು: “ನೀವಿಬ್ಬರೂ ಆರು ಭಾನುವಾರ ಒಂದೇ ಶೆಡ್ಡಲ್ಲಿ ಇದ್ರಾ?”

“ಇದ್ವಿ.” ಆಮೇಲೆ ಮೆಲ್ಲಗೆ, “ಇಳಿಜಾರಲ್ಲಿ ಕಣ್ಣು ಮುಚ್ಕೊಳ್ತಿದ್ದೆಯಂತೆ,” ಅಂದರು.

ಆಕೆ ಕಣ್ಣೊರೆಸಿಕೊಂಡರು. “ಬಾಯಿ ನಿಲ್ಲಲ್ಲ ಅವನದು.”

“ನನಗ್ಯಾಕೆ ಹೇಳಲಿಲ್ಲ?”

“ಹೇಳಿದ್ರೆ ಅವತ್ತೇ ಮಾರಿಬಿಡ್ತಿದ್ರಿ. ಮಾರಿ, ದಾರೀಲಿ ಬೇರೆಯವರ ಗಾಡಿ ಕಂಡಾಗೆಲ್ಲ ನಿಂತು ನೋಡ್ತಿದ್ರಿ. ಆ ಮುಖ ದಿನಾ ಯಾರು ನೋಡೋದು? ಅದಕ್ಕಿಂತ ಕಣ್ಣು ಮುಚ್ಚಿಕೊಳ್ಳೋದು ಸುಲಭ. ಎಷ್ಟು ಹೊತ್ತು, ಮೂರು ನಿಮಿಷ.”

“ಎರಡು ನಿಮಿಷ ನಲವತ್ತು ಸೆಕೆಂಡು,” ಅಂದರು ಗಡಿಯಾರದವರು. ಹೇಳಿದ ಮೇಲೆ ನಾಲಗೆ ಕಚ್ಚಿಕೊಂಡರು. ಆದರೆ ಆಕೆ ನಗುತ್ತಿದ್ದರು, ಮೂಗು ಏರಿಸಿಕೊಳ್ಳುತ್ತ.

“ಕೂತೇ ಕೂರ್ತೀನಿ ಅಂತ ಮಾತು ಕೊಡಲ್ಲ,” ಎಂದರು ಎದ್ದು ಅಡುಗೆಮನೆಗೆ ಹೋಗುತ್ತ.

“ಬೇಡ. ನೋಡು ಸಾಕು.”

ಗಾಡಿ ರಸ್ತೆಗಿಳಿದ ದಿನ ಮೊದಲು ಹಿಂದೆ ಕೂತವನು ಅವಸರ. ನಾಲ್ಕು ವರ್ಷ ಆ ಫೋರ್ಕಿನ ಮೇಲೆ ಗಾಳಿಯನ್ನು ಹರಿದುಕೊಂಡು ಓಡಾಡಿದವನು, ಭಾವನ ಹಿಂದೆ ಕೂತಾಗ ಮಾತ್ರ ಸೀಟಿನ ಎರಡೂ ಅಂಚು ಹಿಡಿದುಕೊಂಡಿದ್ದ. ಮುಂಭಾಗ ಮೊದಲಿಗಿಂತ ಚುರುಕಾಗಿತ್ತು. ಹ್ಯಾಂಡಲ್ ಸ್ವಲ್ಪ ಅಲುಗಿಸಿದರೂ ಗಾಡಿ ಆ ಕಡೆ ವಾಲುತ್ತಿತ್ತು. ಗಡಿಯಾರದವರಿಗೆ ಕೈ ಕೂರಲು ಎರಡು ವಾರ ಹಿಡಿಯಿತು. ಖಾಲಿ ಮೈದಾನದಲ್ಲಿ ಓಡಿಸಿ ನಿಲ್ಲಿಸಿ, ಓಡಿಸಿ ನಿಲ್ಲಿಸಿ, ಒದ್ದೆ ನೆಲದಲ್ಲಿ ಎಷ್ಟು ಹಿಂಡಬೇಕು, ಒಣ ನೆಲದಲ್ಲಿ ಎಷ್ಟು ಎಂದು ಬೆರಳಿಗೆ ಕಲಿಸಿದರು. ಆಮೇಲೆ ಒಬ್ಬರೇ ಇಳಿಜಾರಿನಲ್ಲಿ ಇಪ್ಪತ್ತು ಸಲ ಇಳಿದು ಹತ್ತಿದರು. ಮೂರನೇ ತಿರುವಿನಲ್ಲೂ ಬ್ರೇಕು ಮೊದಲನೇ ತಿರುವಿನ ಹಾಗೇ ಇತ್ತು.

ಆ ವಾರವೇ ಹಳೆ ವಾಹನಗಳ ಸಂಘದ ಅಧ್ಯಕ್ಷರು ಗಡಿಯಾರಕ್ಕೆ ಬೆಲ್ಟು ಹಾಕಿಸಲು ಅಂಗಡಿಗೆ ಬಂದರು. ಸಂಘದ ಪ್ರದರ್ಶನದಲ್ಲಿ ಗಡಿಯಾರದವರ ಬೈಕು ಪ್ರತಿ ವರ್ಷ ಮುಂದಿನ ಸಾಲಿನಲ್ಲಿ ಇರುತ್ತಿತ್ತು. ಹೊರಗೆ ನಿಂತಿದ್ದ ಗಾಡಿಯನ್ನು ಅಧ್ಯಕ್ಷರು ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು.

“ಏನು ಮಾಡಿಬಿಟ್ರಿ ಇದಕ್ಕೆ,” ಎಂದರು, ಸಾವಿನ ಮನೆಗೆ ಬಂದವರ ದನಿಯಲ್ಲಿ. “ಇನ್ನು ಇದು ನಮ್ಮ ಸಾಲಲ್ಲಿ ನಿಲ್ಲಲ್ಲ.”

“ಸರ್, ನಲವತ್ತು ವರ್ಷದಲ್ಲಿ ಇದು ಸರಿಯಾಗಿ ನಿಲ್ತಾ ಇರೋದು ಈಗಲೇ,” ಅಂದರು ಗಡಿಯಾರದವರು. ಬೇಕೆಂದು ಹೇಳಿದ್ದಲ್ಲ, ಬಾಯಿಗೆ ಬಂತು. ಅಧ್ಯಕ್ಷರು ಮೂಗು ಮುರಿದು ಹೊರಟರು. ಹೋಗುವಾಗ ಮಾತ್ರ ಯಾರೂ ನೋಡುತ್ತಿಲ್ಲವೆಂದುಕೊಂಡು ಬಗ್ಗಿ ಡಿಸ್ಕನ್ನು ಒಮ್ಮೆ ಮುಟ್ಟಿದರು.

ಹೆಂಡತಿ ಗಾಡಿಯನ್ನು ನೋಡಿ, “ಬಂಗಾರದ ಕಾಲು ಬಂದಿದೆ,” ಎಂದು ಒಳಗೆ ಹೋಗಿದ್ದರು ಅಷ್ಟೆ. ನಾಲ್ಕು ದಿನ ಬಸ್ಸಿನಲ್ಲೇ ಹೋದರು. ಗಡಿಯಾರದವರು ಒತ್ತಾಯಿಸಲಿಲ್ಲ. ಐದನೇ ದಿನ ಬೆಳಗ್ಗೆ ಅವರು ಗಾಡಿ ಒರೆಸುತ್ತಿದ್ದಾಗ ಆಕೆ ಹೆಲ್ಮೆಟ್ ಹಾಕಿಕೊಂಡೇ ಬಾಗಿಲಿಗೆ ಬಂದು, ಪಟ್ಟಿ ಬಿಗಿಯುತ್ತ, “ನಾನು ಎಲ್ಲಿ ನಿಲ್ಲಿಸಿ ಅಂತೀನೋ ಅಲ್ಲಿ ನಿಲ್ಲಿಸಬೇಕು,” ಅಂದರು.

ಎಡ ಭುಜದ ಮೇಲೆ ಕೈ ಬಿತ್ತು. ಗಡಿಯಾರದವರು ಗೇರು ಹಾಕುವಾಗ ಇಂಜಿನ್ ಒಮ್ಮೆ ಆರಿಹೋಯಿತು. ಮೊದಲ ತಿರುವು ದಾಟಿದರು. ಹಿಂದೆ ಮಾತಿಲ್ಲ. ಆ ಮೌನ ಏನೆಂದು ಈಗ ಅವರಿಗೆ ಗೊತ್ತಿತ್ತು. ಎರಡನೇ ತಿರುವು ಮುಗಿದು, ರಸ್ತೆ ಎಲ್ಲಕ್ಕಿಂತ ಕಡಿದಾಗಿ ಇಳಿಯುವ ಕಡೆ ಬಂದಾಗ ಕಿವಿಯ ಹತ್ತಿರ ದನಿ ಕೇಳಿತು:

“ಇಲ್ಲಿ.”

ಗಡಿಯಾರದವರು ಕನ್ನಡಿಯಲ್ಲಿ ಹಿಂದೆ ಯಾವ ಗಾಡಿಯೂ ಇಲ್ಲವೆಂದು ನೋಡಿ, ಎರಡು ಬೆರಳು ಹಿಂಡಿದರು. ಗಾಡಿ ನಿಂತಿತು. ಅದು ಎಷ್ಟು ಚೆನ್ನಾಗಿ ನಿಂತಿತೆಂದರೆ ಆಕೆಯ ಹೆಲ್ಮೆಟ್ ಬಂದು ಅವರ ಹೆಲ್ಮೆಟ್ಟಿಗೆ ಠಣ್ಣೆಂದು ಬಡಿಯಿತು.

“ಪೆಟ್ಟಾಯ್ತಾ?”

“ಇಲ್ಲ,” ಎಂದರು ಆಕೆ, ನಗು ತಡೆಯಲಾರದೆ. ಆಮೇಲೆ ನಗು ನಿಂತಿತು. “ರೀ, ಇಲ್ಲಿಂದ ರೈಲು ಕಾಣುತ್ತಾ?”

ಕೆಳಗೆ ಊರಿನ ಮಾಡುಗಳ ಆಚೆ, ನೀರಿನ ಟ್ಯಾಂಕಿನ ಪಕ್ಕದಿಂದ, ಉದ್ದದ ಗೂಡ್ಸ್ ರೈಲೊಂದು ಸೇತುವೆ ದಾಟುತ್ತಿತ್ತು.

“ದಿನಾ ಈ ಹೊತ್ತಿಗೆ ಹೋಗುತ್ತೆ. ಒಂಬತ್ತಕ್ಕೆ ಎಂಟು ನಿಮಿಷ ಇರುವಾಗ.”

“ನೀವು ಯಾವತ್ತೂ ಹೇಳಲೇ ಇಲ್ಲ.”

“ನೀನೂ ನೋಡ್ತಾ ಇದ್ದೀಯ ಅಂದುಕೊಂಡಿದ್ದೆ.”

ರೈಲಿನ ಕೊನೆಯ ಡಬ್ಬಿ ಸೇತುವೆ ದಾಟುವ ತನಕ ಇಬ್ಬರೂ ಅಲ್ಲೇ ನಿಂತರು. ಆಕೆ ಎಣಿಸುತ್ತಿದ್ದರು, ನಲವತ್ತೊಂದು. ಆ ದಿನ ಬೈಂಡಿಂಗ್ ಅಂಗಡಿಗೂ ಗಡಿಯಾರದ ಅಂಗಡಿಗೂ ತಡವಾಯಿತು.

ಹಾಗೆಂದು ಆಕೆ ಬಸ್ಸು ಬಿಟ್ಟರೆಂದಲ್ಲ. ವಾರದಲ್ಲಿ ಮೂರು ದಿನ ಗಾಡಿ, ಮೂರು ದಿನ ಬಸ್ಸು ಎಂದು ತೀರ್ಮಾನವಾಯಿತು. ಬೆಕ್ಕಿನ ಅಜ್ಜಿಯ ಸುದ್ದಿ ಪೂರ್ತಿ ತಿಳಿಯದೆ ಬಿಡಲು ಆಕೆ ತಯಾರಿರಲಿಲ್ಲ, ಮತ್ತು ಗಡಿಯಾರದವರಿಗೂ ಅದು ಏನಾಯಿತೆಂದು ಕೇಳುವ ಕುತೂಹಲ ಹತ್ತಿತ್ತು.

ಒಂದು ಗುರುವಾರ ಅವರು ಇಳಿಜಾರು ಮುಗಿಸಿ ಸಿಗ್ನಲ್ಲಿನಲ್ಲಿ ನಿಂತಾಗ ಪಕ್ಕಕ್ಕೆ ಅದೇ ಬಸ್ಸು ಬಂದು ನಿಂತಿತು. ಕಿಟಕಿಯಲ್ಲಿ ಹೆಂಡತಿ. ಗಡಿಯಾರದವರನ್ನು ಕಂಡು, ಪಕ್ಕದ ಹೆಂಗಸಿನ ಮೊಣಕೈ ತಟ್ಟಿ, ಬೆರಳು ಮಾಡಿ ತೋರಿಸಿ ಏನೋ ಹೇಳಿದರು. ಆ ಹೆಂಗಸು ಕಿಟಕಿಯಿಂದ ಬಗ್ಗಿ ಬಂಗಾರದ ಫೋರ್ಕು ನೋಡಿ, ಹಿಂದಿನ ಹಳೆಯ ಮಡ್‌ಗಾರ್ಡು ನೋಡಿ, ಹುಬ್ಬೇರಿಸಿ ನಕ್ಕಳು. ಹಸಿರು ದೀಪ ಬಿತ್ತು, ಬಸ್ಸು ಹೊರಟಿತು.

ಸಂಜೆ ಗಡಿಯಾರದವರು ತಡೆಯಲಾರದೆ, “ಏನಂದೆ ಆಯಮ್ಮನಿಗೆ?” ಎಂದು ಕೇಳಿದರು.

“ಏನಿಲ್ಲ,” ಅಂದರು ಆಕೆ, ಒಣಗಿದ ಬಟ್ಟೆ ಮಡಚುತ್ತ. “ಮುಂದಿನದು ನನ್ನ ತಮ್ಮಂದು, ಹಿಂದಿನದು ನಮ್ಮನೆಯವರದು, ಇಬ್ಬರೂ ಸೇರಿ ನನ್ನ ಕಣ್ಣು ತೆರೆಸಿದ್ರು ಅಂದೆ. ಈ ತುದಿ ಹಿಡ್ಕೊಳ್ಳಿ.”

ಗಡಿಯಾರದವರು ಹೊದಿಕೆಯ ತುದಿ ಹಿಡಿದುಕೊಂಡರು.